ಎರಡು ಸಲ ಬಿಚ್ಚಿ ನೇಯ್ದ ಥಮೇನ್

ಮೊಳದುದ್ದ ನೇಯ್ದಾದ ಮೇಲೆ ಬಿಚ್ಚು ಅಂದರೆ ಅಮರಪುರದ ನೇಕಾರಗಿತ್ತಿಗೆ ಹೇಗಾಗುತ್ತದೆ ಎನ್ನುವುದನ್ನು ಮಿಕ್ಕವರಿಗೆ ತಿಳಿಸಿ ಹೇಳುವುದು ಕಷ್ಟ. ಬೆಂದ ಅನ್ನವನ್ನು ಮತ್ತೆ ಅಕ್ಕಿ ಮಾಡಿಕೊಡು ಅಂದ ಹಾಗೆ. ಡೊ ಓನ್ ಖಿನ್‌ಗೆ ಆ ಮಾತು ಹೇಳಿದವಳು ಇಪ್ಪತ್ತೆರಡರ ಹುಡುಗಿ. ಅದೂ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಮಂಡಲೆಯಿಂದ ಏಳು ಮೈಲಿ ಸೈಕಲ್ ತುಳಿದು ಬಂದು, ಕೊಟ್ಟ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೇಳಿದಳು.

“ದೊಡ್ಡಮ್ಮ, ಹಸಿರು ಬೇಡ್ವಂತೆ. ತಿಳಿನೇರಳೆ ಆಗ್ಬೇಕಂತೆ. ಅಮ್ಮ ಹೇಳಿ ಕಳ್ಸಿದ್ರು.”

ಓನ್ ಖಿನ್ ಕೈಯಲ್ಲಿದ್ದ ಲಾಳಿಯನ್ನು ಹಾಸಿನ ಮೇಲೆ ಇಟ್ಟಳು. “ಏನಂದೆ?”

“ಜೋಯಿಸ್ರು ಹೇಳಿದ್ರಂತೆ. ನಾನು ಬುಧವಾರ ಮಧ್ಯಾಹ್ನದ ಮೇಲೆ ಹುಟ್ಟಿದವಳಲ್ವಾ, ರಾಹು. ಹಸಿರು ಉಟ್ಕೊಂಡು ಮದ್ವೆಯಾದ್ರೆ ಗಂಡಂಗೆ ಆಗ್ಬರಲ್ವಂತೆ.”

“ನಿಮ್ಮಮ್ಮ ಇಲ್ಲಿ ಬಂದು ಗಿಣಿ ಹಸಿರು, ಗಿಣಿ ಹಸಿರು ಅಂತ ಎರಡು ಗಂಟೆ ಕೂತು ಹೇಳುವಾಗ ನೀನು ಯಾವ ವಾರ ಹುಟ್ಟಿದ್ದು ಅಂತ ಮರೆತುಹೋಗಿತ್ತೇನೇ ಆ ಹೆತ್ತ ತಾಯಿಗೆ?”

ಹುಡುಗಿ ನೆಲ ನೋಡಿದಳು. ಹೆಸರು ಯುಪಾ. ಕೆನ್ನೆಗೆ ತೇಯ್ದು ಹಚ್ಚಿದ್ದ ತನಖಾ ಗಂಧ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು.

ತಾಯಿ ಡೊ ಚಿನ್ ಮ್ಯಾ ಫೆಬ್ರುವರಿಯಲ್ಲಿ ತಾನೇ ಬಂದಿದ್ದಳು. ಮಂಡಲೆಯ ಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ ನಡೆಸುವ ವಿಧವೆ. ಒಬ್ಬಳೇ ಮಗಳು, ಜೂನ್‌ನಲ್ಲಿ ಮದುವೆ, ಹುಡುಗ ರಂಗೂನಿನಲ್ಲಿ ಸರ್ಕಾರಿ ನೌಕರ. ಅಂಗಡಿಯಲ್ಲಿ ನೇತು ಹಾಕಿದ ಯಂತ್ರದ ಬಟ್ಟೆ ಬೇಡ, ನೂರು ಲಾಳಿಯಲ್ಲಿ ಕೈಯಲ್ಲೇ ನೇಯ್ದ ರೇಷ್ಮೆ ಲುಂಗಿ, ಥಮೇನ್, ಬೇಕು. ಸೊಂಟದಿಂದ ಹಿಮ್ಮಡಿಯವರೆಗೆ ಅಲೆ ಅಲೆಯಾಗಿ ಇಳಿದು, ಹಿಂದೆ ಒಂದು ಗೇಣು ನೆಲದ ಮೇಲೆ ಎಳೆಯಬೇಕು. ಇಷ್ಟನ್ನು ಹೇಳಲು ಅವಳು ಎರಡು ಗಂಟೆ ತೆಗೆದುಕೊಂಡಿದ್ದಳು. ನಡುವೆ ಯಾರಿಗೂ ಬಾಯಿ ಹಾಕಲು ಎಡೆ ಕೊಟ್ಟಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಕಾಲಬೆರಳು ಎಣಿಸುತ್ತಿದ್ದಳು.

“ಸರಿ, ಬಿಚ್ಚೋಣ ಬಿಡಿ ಅತ್ತಿಗೆ,” ಎಂದಳು ಎಡಗಡೆ ಕೂತಿದ್ದ ಮಾ ನ್ಯುಂಟ್. “ಹುಡುಗಿ ಪಾಪ ಏನ್ ಮಾಡ್ತಾಳೆ.”

ನ್ಯುಂಟ್ ಓನ್ ಖಿನ್‌ಳ ಗಂಡನ ತಂಗಿ. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಮಗ್ಗದ ಮುಂದೆ, ಒಂದೇ ಹಲಗೆಯ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತು ಇಪ್ಪತ್ತೊಂದು ವರ್ಷ ಆಗಿತ್ತು. ಈ ನೇಯ್ಗೆ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಅಗಲದ ಎಡ ಅರ್ಧ ಒಬ್ಬಳದು, ಬಲ ಅರ್ಧ ಇನ್ನೊಬ್ಬಳದು. ನಡುವೆ ಲಾಳಿಗಳು ಈ ಕೈಯಿಂದ ಆ ಕೈಗೆ ದಾಟುತ್ತಿರಬೇಕು. ಒಬ್ಬೊಬ್ಬರದೂ ಐವತ್ತು ಪುಟ್ಟ ಲಾಳಿ, ಒಂದೊಂದರಲ್ಲೂ ಒಂದೊಂದು ಬಣ್ಣ. ಆಮೇಲೆ ಇಬ್ಬರೂ ಒಟ್ಟಿಗೆ ಹಣಿಗೆ ಹಿಡಿದು ಒಂದೇ ಬಲದಲ್ಲಿ ಬಡಿಯಬೇಕು. ಒಬ್ಬಳ ಏಟು ಮೆತ್ತಗಾದರೆ ಅಲೆ ಆ ಕಡೆ ಉಬ್ಬುತ್ತದೆ. ದಿನವೆಲ್ಲ ಕೂತರೆ ಒಂದು ಬೆರಳು ಬಟ್ಟೆ. ನ್ಯುಂಟ್‌ಳ ಕೈಯಲ್ಲಿ ಎಂದೂ ತಪ್ಪಿಲ್ಲ. ತಪ್ಪಿರುವುದೆಲ್ಲ ಬಾಯಿಯಲ್ಲಿ. ಬೆಳಿಗ್ಗೆ ಮೊದಲ ಎಳೆಯಿಂದ ಸಂಜೆ ಕಡೆಯ ಎಳೆಯವರೆಗೆ ಅದು ನಿಂತದ್ದಿಲ್ಲ. ಬೀದಿಯಲ್ಲಿ ಯಾರ ಮನೆಯ ಮೀನಿನ ಸಾರಿಗೆ ಉಪ್ಪು ಜಾಸ್ತಿಯಾಯಿತು ಎನ್ನುವುದೂ ಓನ್ ಖಿನ್‌ಗೆ ಗೊತ್ತಿರುತ್ತಿತ್ತು, ಬೇಡವೆಂದರೂ.

ಅವರು ಬಿಚ್ಚಿದರು. ಹೊಕ್ಕಿನ ಒಂದೊಂದು ಎಳೆಯನ್ನೂ ಸೂಜಿಯ ತುದಿಯಿಂದ ಎತ್ತಿ, ತುಂಡಾಗದಂತೆ ಎಳೆದು, ಮತ್ತೆ ಕಂಡಿಕೆಗೆ ಸುತ್ತಿದರು. ಆರು ದಿನ ಹಿಡಿಯಿತು. ಓನ್ ಖಿನ್ ಆ ಆರು ದಿನವೂ ಚಿನ್ ಮ್ಯಾಳನ್ನು ಬೈದಳು. ದುಡ್ಡಿನ ಕೊಬ್ಬು ಅಂದಳು. ಆ ಜೋಯಿಸನ ಕಣ್ಣಿಗೆ ಹೂ ಬೀಳಲಿ ಅಂದಳು. ಬೈಗುಳಕ್ಕೆ ಸದಾ ಒಗ್ಗರಣೆ ಹಾಕುತ್ತಿದ್ದ ನ್ಯುಂಟ್ ಮಾತ್ರ ಈ ಸಲ ಯಾಕೋ ಹೂಂಗುಟ್ಟಲಿಲ್ಲ, ಬೇರೆ ಏನೋ ಮಾತು ತೆಗೆದಳು.

ತಿಳಿನೇರಳೆಯಲ್ಲಿ ಮತ್ತೆ ಶುರುವಾಯಿತು. ಏಪ್ರಿಲ್‌ನ ನೀರಾಟದ ಹಬ್ಬಕ್ಕೆ ಊರಿಗೆ ಊರೇ ನಾಲ್ಕು ದಿನ ಬೀದಿಯಲ್ಲಿ ನೆನೆಯುತ್ತಿದ್ದಾಗಲೂ ಇವರಿಬ್ಬರು ಬಾಗಿಲು ಮುಂದೆ ಮಾಡಿಕೊಂಡು ಕೂತರು. ಸೆಕೆಗೆ ರೇಷ್ಮೆ ಒಣಗಿ ಪಟಪಟ ತುಂಡಾಗುತ್ತದೆ ಎಂದು ಮಗ್ಗದ ಕೆಳಗೆ ನೀರು ತುಂಬಿದ ಮಡಕೆ ಇಟ್ಟು, ಮೇಲೆ ಒದ್ದೆ ಬಟ್ಟೆ ಹಾಕಿದರು. ತಿಂಗಳ ಕೊನೆಗೆ ಒಂದೂವರೆ ಮೊಳ ಆಗಿತ್ತು. ಆಗ ಯುಪಾ ಮತ್ತೆ ಬಂದಳು.

ಈ ಸಲ ಕೈಯಲ್ಲಿ ಮಾವಿನಹಣ್ಣಿನ ಚೀಲ. ಮಗ್ಗದ ಹತ್ತಿರ ಬಗ್ಗಿ ನಿಂತು, ನೇಯ್ದದ್ದನ್ನು ಮುಟ್ಟದೆ, ಬಹಳ ಹೊತ್ತು ನೋಡಿದಳು.

“ಇಷ್ಟನ್ನ ಬಿಚ್ಚೋಕೆ ಎಷ್ಟು ದಿನ ಬೇಕಾಗುತ್ತೆ ದೊಡ್ಡಮ್ಮ?”

“ಯಾಕೆ?” ಓನ್ ಖಿನ್ ಲಾಳಿ ಕೆಳಗಿಟ್ಟಳು.

“ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋ ಮಾತಾ ಇದು? ಹತ್ತು ದಿನ.”

ಹುಡುಗಿ ಮನಸ್ಸಿನಲ್ಲೇ ಏನನ್ನೋ ಕೂಡಿ ಕಳೆದಳು. ಆಮೇಲೆ ಹೇಳಿದಳು, “ಬರೀ ಅಲೆ ಸಾಲ್ದಂತೆ. ಅಲೆ ಮಧ್ಯೆ ಬಳ್ಳಿ ಹಬ್ಬಿರ್ಬೇಕಂತೆ. ಅಮ್ಮ ಹೇಳಿದ್ರು.”

ಬಳ್ಳಿ ಬಂದರೆ ನೂರು ಲಾಳಿ ಸಾಲದು, ನೂರೈವತ್ತು ಬೇಕು. ಮೊದಲಿನಿಂದ ಬರಬೇಕು, ಅರ್ಧಕ್ಕೆ ಹಬ್ಬಿಸಲು ಅದು ಹಿತ್ತಲಿನ ಅವರೆ ಬಳ್ಳಿಯಲ್ಲ. ಓನ್ ಖಿನ್ ಎದ್ದಳು. ಹಲಗೆಯ ಒಂದು ಕಡೆ ಭಾರ ತಪ್ಪಿದ್ದಕ್ಕೆ ನ್ಯುಂಟ್ ಇನ್ನೊಂದು ಕಡೆ ಜೋಲಿ ಹೊಡೆದಳು.

“ನಿಮ್ಮಮ್ಮಂಗೆ ಹೇಳು. ಜುಲೈ ಹುಣ್ಣಿಮೆಗೆ ಭಿಕ್ಷುಗಳ ಮಳೆಗಾಲದ ವ್ರತ ಹಿಡಿಯುತ್ತೆ. ಹಿಡಿದ್ರೆ ಮೂರು ತಿಂಗ್ಳು ಈ ದೇಶದಲ್ಲಿ ಒಬ್ರಿಗೂ ಮದ್ವೆ ಇಲ್ಲ. ಇದನ್ನ ಬಿಚ್ಚಿ ಮತ್ತೆ ನೇಯ್ತಾ ಕೂತ್ರೆ ಜೂನ್ ಮುಹೂರ್ತಕ್ಕೆ ನಿನ್ನ ಮೈಮೇಲೆ ಅರ್ಧ ಥಮೇನ್ ಇರುತ್ತೆ. ಮಿಕ್ಕ ಅರ್ಧಕ್ಕೆ ಬಾಳೆಎಲೆ ಕಟ್ಕೋ ಅಂತ ಹೇಳು!”

“ಹೇಳ್ತೀನಿ ದೊಡ್ಡಮ್ಮ,” ಎಂದಳು ಯುಪಾ, ಬಹಳ ವಿನಯದಿಂದ.

ಕೋಪಕ್ಕೆ ಓನ್ ಖಿನ್ ಅಡುಗೆಮನೆಗೆ ಹೋಗಿ ಒಲೆ ಊದತೊಡಗಿದಳು. ವಾಪಸು ಬಂದಾಗ ಹುಡುಗಿ ಓನ್ ಖಿನ್‌ಳ ಜಾಗದಲ್ಲಿ, ನ್ಯುಂಟ್‌ಳ ಪಕ್ಕದಲ್ಲಿ ಕೂತಿದ್ದಳು. ಇಬ್ಬರ ತಲೆಯೂ ಹತ್ತಿರವಿತ್ತು. ಅತ್ತಿಗೆಯ ಹೆಜ್ಜೆ ಸಪ್ಪಳ ಕೇಳಿ ನ್ಯುಂಟ್ ದೊಡ್ಡ ದನಿಯಲ್ಲಿ, “ಹೂಂ, ಈ ವರ್ಷ ಮಾವು ಹುಳಿ,” ಎಂದಳು.

ಅಲ್ಲಿಂದ ನ್ಯುಂಟ್‌ಗೆ ಏನೋ ಆಯಿತು. ಬಿಚ್ಚುತ್ತಾ ಕೂತಾಗ, “ಅತ್ತಿಗೆ, ಗೊತ್ತಾ,” ಎಂದು ಶುರು ಮಾಡುವಳು, ತಟ್ಟನೆ ನಿಲ್ಲಿಸಿ ಕೆಮ್ಮುವಳು. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುವಳು. ಏನಾಗಿದೆ ಅಂದರೆ ಹೊಟ್ಟೆ ಉಬ್ಬರ ಎನ್ನುವಳು. ಬಿಚ್ಚುವುದು ಮುಗಿದು ಬಳ್ಳಿಯ ಮೊದಲ ಎಲೆ ಕಣ್ಣು ಬಿಡುತ್ತಿದೆ ಅನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಅವಳು ಕಂದು ಬಣ್ಣದ ಲುಂಗಿ ಉಟ್ಟು, ಅದೇ ಬಣ್ಣದ ಶಲ್ಯ ಹೆಗಲಿಗೆ ಅಡ್ಡ ಹಾಕಿ, ಒಂದು ಚಾಪೆ ಸುರುಳಿ ಸುತ್ತಿಕೊಂಡು ಬಂದು ನಿಂತಳು.

“ಸಗೈಂಗ್ ಗುಡ್ಡಕ್ಕೆ ಹೋಗ್ತಿದೀನಿ ಅತ್ತಿಗೆ. ಧ್ಯಾನಕ್ಕೆ. ಇಪ್ಪತ್ತು ದಿನ.”

ಓನ್ ಖಿನ್‌ಗೆ ಮೊದಲು ಅರ್ಥವೇ ಆಗಲಿಲ್ಲ. “ಯಾರು?”

“ನಾನೇ.”

“ಅಲ್ಲಿ ಮಾತಾಡೋ ಹಾಗಿಲ್ಲ ಕಣೇ!”

“ಗೊತ್ತು.”

“ಇಪ್ಪತ್ತು ದಿನ ಬಾಯಿ ಮುಚ್ಕೊಂಡ್ರೆ ನೀನು ಸತ್ತೋಗ್ತೀಯ! ನಿಂಗೆ ಈಗ್ಲೇ ಯಾಕೆ ಪುಣ್ಯದ ಆಸೆ ಬಂತು? ಐವತ್ತು ದಿನವೂ ಇಲ್ಲ, ಒಂದು ಗೇಣು ನೇಯ್ದಿಲ್ಲ. ನಾನೇನು ನಾಲ್ಕು ಕೈ ಇರೋ ದೇವತೆನಾ?”

“ಹರಕೆ ಹೊತ್ತಿದ್ದೆ ಅತ್ತಿಗೆ.”

“ಯಾವಾಗ?”

“ನಿನ್ನೆ,” ಎಂದು ನ್ಯುಂಟ್ ತಿರುಗಿಯೂ ನೋಡದೆ ನಡೆದುಬಿಟ್ಟಳು.

ಓನ್ ಖಿನ್ ಗಂಡನ ಹತ್ತಿರ ಹೇಳಿದಳು. ಅವನು ಚಹಾದಂಗಡಿಯ ಪುಟ್ಟ ಕುರ್ಚಿಯಲ್ಲಿ ಕೂತು ಚದುರಂಗದ ಆನೆ ಸರಿಸುತ್ತಿದ್ದ. “ತಂಗಿ ಧ್ಯಾನಕ್ಕೆ ಹೋದ್ರೆ ಒಳ್ಳೇದೇ ಅಲ್ವಾ? ಮನೇಲಿ ಸ್ವಲ್ಪ ನಿಶ್ಶಬ್ದ ಇರುತ್ತೆ,” ಅಂದ. ಅವನ ಜೊತೆ ಮಾತಾಡುವುದಕ್ಕಿಂತ ಆ ಆನೆಯ ಜೊತೆ ಮಾತಾಡಿದರೆ ವಾಸಿ ಎಂದುಕೊಂಡು ವಾಪಸು ಬಂದಳು.

ನಾದಿನಿಯ ಜಾಗದಲ್ಲಿ ಸೊಸೆ ಖೈನ್‌ಳನ್ನು ಕೂರಿಸಿಕೊಂಡಳು. ಖೈನ್ ಒಳ್ಳೆಯ ಹುಡುಗಿ, ಒಳ್ಳೆಯ ಅಡುಗೆ. ಆದರೆ ಹಣಿಗೆಯನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದಳು. ನಾಲ್ಕು ದಿನದಲ್ಲಿ ಎಡಗಡೆಯ ಬಳ್ಳಿ ಬಲಗಡೆಯದಕ್ಕಿಂತ ಎರಡು ಬೆರಳು ಮೇಲೆ ಹತ್ತಿ ಕೂತಿತು.

“ಜೋರಾಗಿ ಬಡಿಯೇ!”

“ಹರಿದ್ರೆ ಅತ್ತೆ?”

“ಹರಿದ್ರೆ ನಾನು ಹೊಲಿತೀನಿ, ಬಡಿ!”

ಬಡಿದಳು. ಹನ್ನೆರಡು ಎಳೆ ಒಟ್ಟಿಗೆ ಹೋದವು. ಸೊಸೆ ಅಳತೊಡಗಿದಳು. ಓನ್ ಖಿನ್ ಹನ್ನೆರಡು ಎಳೆಗೂ ಗಂಟು ಹಾಕಿ, ಅವಳ ತಲೆ ಸವರಿ, ಹೋಗಿ ಸಾರು ಮಾಡು ಎಂದು ಎಬ್ಬಿಸಿ ಕಳಿಸಿದಳು. ಖೈನ್ ನೇಯ್ದಿದ್ದಷ್ಟನ್ನು ಬಿಚ್ಚಿ ತೆಗೆದು, ಹಲಗೆಯ ಮೇಲೆ ಅತ್ತ ಇತ್ತ ಜಾರುತ್ತ ಎರಡೂ ಕಡೆ ತಾನೇ ನೇಯಲು ನೋಡಿದಳು. ದಿನಕ್ಕೆ ಅರ್ಧ ಬೆರಳು. ಸೊಂಟ ಹಿಡಿದುಕೊಂಡಿತು. ಒಂಬತ್ತನೆಯ ದಿನ ತಾಳ್ಮೆ ಸೋರಿಹೋಗಿ, ಸೇತುವೆ ದಾಟುವ ಪಿಕಪ್ ಗಾಡಿ ಹತ್ತಿ ಸಗೈಂಗ್‌ಗೆ ಹೋದಳು.

ಧ್ಯಾನಮಂದಿರದ ಅಂಗಳದಲ್ಲಿ ಹೊಂಗೆಯ ನೆರಳು. ಹೆಂಗಸರು ಸಾಲಾಗಿ ತಲೆ ತಗ್ಗಿಸಿಕೊಂಡು ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದರು. ನ್ಯುಂಟ್ ಆರನೆಯವಳು. ಅವಳನ್ನು ಗುರುತು ಹಿಡಿಯಲೇ ಓನ್ ಖಿನ್‌ಗೆ ಒಂದು ಗಳಿಗೆ ಬೇಕಾಯಿತು. ಮುಚ್ಚಿದ ಬಾಯಿಯ ನ್ಯುಂಟ್‌ಳನ್ನು ಅವಳು ನಿದ್ದೆಯಲ್ಲೂ ಕಂಡವಳಲ್ಲ. ಮಗ್ಗುಲಲ್ಲೇ ನಡೆಯುತ್ತಾ ಪಿಸುಗುಟ್ಟಿದಳು.

“ನ್ಯುಂಟ್, ಸಾಕು ಬಾರೇ. ಬಳ್ಳಿ ಹಬ್ತಾನೇ ಇಲ್ಲ.”

ನ್ಯುಂಟ್ ಎಡಗಾಲು ಎತ್ತಿದಳು, ಇಟ್ಟಳು.

“ಖೈನ್ ಹನ್ನೆರಡು ಎಳೆ ಹರಿದಳು. ಕೇಳಿಸ್ತೇನೇ? ಹನ್ನೆರಡು!”

ನ್ಯುಂಟ್‌ಳ ಹುಬ್ಬು ಹಾರಿತು. ಆದರೂ ಬಲಗಾಲು ಎತ್ತಿದಳು, ಇಟ್ಟಳು.

“ನಿನ್ನ ಕಾಲಿಗೆ ಬೀಳ್ಲಾ? ಹೇಳು, ಇಲ್ಲೇ ಬೀಳ್ತೀನಿ. ಏನು ಕಷ್ಟ ನಿಂಗೆ? ನನ್ನ ಮೇಲೆ ಸಿಟ್ಟಾ?”

ನ್ಯುಂಟ್ ಅವಳ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು. ತುಟಿ ಎರಡೂ ಒಳಕ್ಕೆ ಹೋಗಿ, ಕೆನ್ನೆ ಉಬ್ಬಿ, ಈಗ ಹೇಳುತ್ತಾಳೆ ಈಗ ಹೇಳುತ್ತಾಳೆ ಅನ್ನುವಂತಾಗಿ, ಕೊನೆಗೆ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಸರಸರನೆ ಸಾಲಿನ ಮುಂದಕ್ಕೆ ಓಡಿದಳು. ಸನ್ಯಾಸಿನಿಯೊಬ್ಬಳು ಬಂದು ಓನ್ ಖಿನ್‌ಗೆ ಹೊರಗಿನ ಬಾಗಿಲು ತೋರಿಸಿದಳು, ಅವಳೂ ಮಾತಾಡದೆ.

ಅಂದು ಮನೆಗೆ ಬರುವಾಗ ಪಿಕಪ್‌ನಲ್ಲಿ ಪಕ್ಕದವನ ಕೋಳಿ ಇವಳ ಚಪ್ಪಲಿಯ ಮೇಲೆ ಕಕ್ಕಸು ಮಾಡಿತು. ಆಗಲಿ, ಅದೊಂದು ಬಾಕಿ ಇತ್ತು ಅಂದುಕೊಂಡಳು.

ಎರಡು ದಿನ ಕಳೆದು ಯುಪಾ ಮೂರನೆಯ ಸಲ ಬಂದಳು. ಸೈಕಲ್ ನಿಲ್ಲಿಸಿ, ಒಳಗೆ ಇಣುಕಿ, ನ್ಯುಂಟ್ ಚಿಕ್ಕಮ್ಮ ಇಲ್ವಾ ಅಂತ ಕೇಳಿದಳು. ಇಲ್ಲ ಅಂದಾಗ ಅವಳ ಮುಖ ಸಣ್ಣಗಾಯಿತು. ಆದರೂ ಹೇಳಿದಳು.

“ತಿಳಿನೇರಳೆ ಬೇಡ್ವಂತೆ ದೊಡ್ಡಮ್ಮ. ಗುಲಾಬಿ…”

ಓನ್ ಖಿನ್ ಕೂಗಾಡಲಿಲ್ಲ. ಲಾಳಿಗಳನ್ನೆಲ್ಲ ಒಟ್ಟುಮಾಡಿ ಹಾಸಿನ ಮೇಲೆ ಬಟ್ಟೆ ಮುಚ್ಚಿದಳು. ಕೂದಲು ಬಾಚಿ ಗಂಟು ಹಾಕಿದಳು. ಒಳ್ಳೆಯ ರವಿಕೆ ಹಾಕಿಕೊಂಡು ಕೊಡೆ ತೆಗೆದುಕೊಂಡಳು.

“ಎಲ್ಲಿಗೆ ದೊಡ್ಡಮ್ಮ?”

“ನಿಮ್ಮಮ್ಮನ ಹತ್ರ.”

“ಬೇಡ! ಅಮ್ಮಂಗೆ ಹುಷಾರಿಲ್ಲ.”

“ನಾನು ಹೋದ್ರೆ ಹುಷಾರಾಗ್ತಾಳೆ.”

“ಅಂಗಡೀಲಿ ಇವತ್ತು ಕಡಲೆ ಲೋಡು ಬರುತ್ತೆ, ಮಾತಾಡೋಕೆ ಪುರಸೊತ್ತೇ ಇರಲ್ಲ…”

ಓನ್ ಖಿನ್ ಆಗಲೇ ರಸ್ತೆಯಲ್ಲಿದ್ದಳು. ಮಂಡಲೆಯ ಗಾಡಿ ಸಿಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾಳೆ, ಆ ಹುಡುಗಿ ಗಾಡಿಯ ಹಿಂದೆಯೇ ಸೈಕಲ್ ತುಳಿಯುತ್ತಾ ಬರುತ್ತಿದ್ದಾಳೆ, ಧೂಳಿನಲ್ಲಿ ಮುಳುಗಿ, ಒಂದು ಕೈ ಬೀಸಿ, “ದೊಡ್ಡಮ್ಮಾ, ನಿಲ್ಲಿ!” ಎಂದು. ಓನ್ ಖಿನ್ ಮುಖ ಆ ಕಡೆ ತಿರುಗಿಸಿಕೊಂಡಳು. ಮತ್ತೆ ನೋಡಿದಾಗ ಸೈಕಲ್ ಸಣ್ಣದಾಗಿ, ಆಮೇಲೆ ಒಂದು ಎತ್ತಿನ ಗಾಡಿಯ ಹಿಂದೆ ಮರೆಯಾಗಿತ್ತು.

ಚಿನ್ ಮ್ಯಾ ಅಂಗಡಿಯ ಬಾಗಿಲಲ್ಲೇ ಮೂಟೆಗಳ ನಡುವೆ ಕೂತಿದ್ದಳು. ಅವಳ ಆರೋಗ್ಯಕ್ಕೆ ಏನೂ ಆಗಿರಲಿಲ್ಲ.

“ಅಯ್ಯೋ ಅಕ್ಕ, ಬನ್ನಿ ಬನ್ನಿ! ನಾನೇ ಬರೋಣ ಅಂತಿದ್ದೆ, ಎಲ್ಲಿ ಆಗುತ್ತೆ, ಈ ಅಂಗಡಿ ನನ್ನ ಪ್ರಾಣ ತಿನ್ನುತ್ತೆ. ಕೂತ್ಕೊಳ್ಳಿ, ಚಹಾ ತರಿಸ್ತೀನಿ. ಥಮೇನ್ ಮುಗೀತಾ? ಮುಗಿದಿರುತ್ತೆ ಬಿಡಿ, ನಿಮ್ಮ ಕೈ ಅಂದ್ರೆ ಏನು ಸುಮ್ನೆನಾ…”

“ನಾನು ಒಂದು ಮಾತು…”

“…ನಮ್ಮಮ್ಮನ ಮದ್ವೆದೂ ನಿಮ್ಮ ಬೀದೀದೇ. ಜಾಕೀಟಿನ ಬಟ್ಟೆ ತಂದಿದೀನಿ, ಬಿಳೀದು, ಗಿಣಿ ಹಸಿರಿಗೆ ಬಿಳಿ ಹಾಕಿದ್ರೆ ಎಷ್ಟು ಒಪ್ಪುತ್ತೆ ಅಂತೀರಾ…”

“ಗಿಣಿ ಹಸಿರಾ?” ಓನ್ ಖಿನ್ ಕಿರುಚಿದಳು. ಕಡಲೆ ಹೊರುತ್ತಿದ್ದ ಆಳು ಮೂಟೆ ಸಮೇತ ನಿಂತ.

“ಹೂಂ, ಹಸಿರು. ನಾನು ಹೇಳಿದ್ದು ಅದನ್ನೇ ಅಲ್ವಾ?”

“ಬೇಡ ಅಂತ ಹೇಳಿ ಕಳ್ಸಿದ್ದು ಯಾರು? ನೇರಳೆ ಅಂದಿದ್ದು ಯಾರು? ಬಳ್ಳಿ ಅಂದಿದ್ದು ಯಾರು? ಇವತ್ತು ಬೆಳಿಗ್ಗೆ ಗುಲಾಬಿ ಅಂದಿದ್ದು ಯಾರು? ಯಾವನು ಆ ನಿಮ್ಮ ಜೋಯಿಸ, ಕರೀರಿ ಅವನನ್ನ, ಸೂಜಿ ಕೊಡ್ತೀನಿ, ಅವನೇ ಬಿಚ್ಚಲಿ!”

“ಯಾವ ಜೋಯಿಸ್ರು? ನಮ್ಮ ಜೋಯಿಸ್ರು ಹೋಗಿ ಎರಡು ವರ್ಷ ಆಯ್ತು!”

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಸೈಕಲ್ ಅಂಗಡಿಯ ಮುಂದೆ ಧಡಾರನೆ ಬಿತ್ತು. ಯುಪಾ ಒಳಗೆ ಬಂದಳು. ಮೈಯೆಲ್ಲ ಕೆಂಧೂಳು, ಏದುಸಿರು. ಒಂದು ಮೂಟೆ ಹಿಡಿದುಕೊಂಡು ನಿಂತಳು.

“ನಾನೇ ಹೇಳಿದ್ದು,” ಅಂದಳು.

ಚಿನ್ ಮ್ಯಾಳ ಬಾಯಿಂದ ಮಾತು ಪ್ರವಾಹವಾಗಿ ಬಂತು. ತಲೆ ಕೆಟ್ಟಿದೆಯಾ, ಮಾನ ತೆಗೆದೆಯಲ್ಲ, ನಿಮ್ಮಪ್ಪ ಇದ್ದಿದ್ದರೆ, ಯಾವನಾದರೂ ಬೇರೆ ಹುಡುಗ ಇದ್ದಾನಾ, ಇಷ್ಟು ವರ್ಷ ಸಾಕಿದ್ದಕ್ಕೆ ಇದಾ. ಹುಡುಗಿ ಮೂರು ಸಲ “ಅಮ್ಮ” ಅಂದಳು. ಮೂರು ಸಲವೂ ಆ ಶಬ್ದ ಕೊಚ್ಚಿಹೋಯಿತು. ಓನ್ ಖಿನ್‌ಗೆ ಕೂಡ ಎರಡು ಸಲ ಬಾಯಿ ತೆರೆದು ಮುಚ್ಚಬೇಕಾಯಿತು. ಜಗಳಕ್ಕೆಂದೇ ಬಂದ ತನಗೇ ಇಲ್ಲಿ ನುಸುಳಲು ದಾರಿಯಿಲ್ಲ, ಈ ಹುಡುಗಿ ಇಪ್ಪತ್ತೆರಡು ವರ್ಷ ಏನು ಮಾಡಿದಳೋ ಅನ್ನಿಸಿತು. ಕೊನೆಗೆ ಅವಳು ಕೊಡೆಯ ಹಿಡಿಯಿಂದ ತಕ್ಕಡಿಯ ತಟ್ಟೆಗೆ ಒಂದು ಏಟು ಹಾಕಿದಳು. ಕಂಚಿನ ಸದ್ದು ಅಂಗಡಿ ತುಂಬ ಹರಡಿತು.

“ಒಂದು ಗಳಿಗೆ ಸುಮ್ನಿರಿ ತಾಯಿ! ಆ ಹುಡುಗಿ ಏನೋ ಹೇಳ್ತಿದಾಳೆ.”

ಯುಪಾ ಹೇಳಿದಳು. ಹುಡುಗ ಕೆಟ್ಟವನಲ್ಲ. ಮದುವೆ ಗೊತ್ತಾದಾಗ ಅವಳಿಗೂ ಒಪ್ಪಿಗೆಯೇ ಇತ್ತು. ಆಮೇಲೆ ಅವನ ಕಾಗದ ಬಂತು: ಬೇಳೆ ತೂಗುವ ಸೊಸೆ ಅಮ್ಮನಿಗೆ ಇಷ್ಟವಿಲ್ಲ, ರಂಗೂನಿನಲ್ಲಿ ಮನೆಯಲ್ಲೇ ಇದ್ದರೆ ಸಾಕು ಎಂದು. ಅವಳಿಗೆ ಈ ಅಂಗಡಿ ಬೇಕು. ಹೆಸರುಕಾಳಿನ ಮೂಟೆಗೆ ಕೈ ಹಾಕಿ ಅದು ಯಾವ ಊರಿನ ಹೊಲದ್ದು ಅಂತ ಅವಳು ಹೇಳಬಲ್ಲಳು. ಅವನಿಗೆ ಮೂರು ಕಾಗದ ಬರೆದಳು. ಮೂರಕ್ಕೂ ಒಂದೇ ಉತ್ತರ, ಮದುವೆ ಆಗಲಿ ಆಮೇಲೆ ನೋಡೋಣ.

“ವ್ರತ ಹಿಡಿಯೋ ತನಕ ಹೇಗಾದ್ರೂ ತಳ್ಳಿದ್ರೆ ಮೂರು ತಿಂಗ್ಳು ಸಿಗುತ್ತಲ್ಲಾ ಅಂತ. ಅಷ್ಟರಲ್ಲಿ ಅವನೇ ಏನಾದ್ರೂ ಒಂದು ಸರಿಯಾಗಿ ಹೇಳ್ತಾನೆ ಅಂತ.”

“ನನ್ನ ಹತ್ರ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ?”

“ನೀನು ಬಾಯಿ ಮುಚ್ಚಿದ್ದು ಯಾವಾಗಮ್ಮ?”

ಚಿನ್ ಮ್ಯಾ ಮಾತಿಗೆ ತೆರೆದ ಬಾಯಿಯನ್ನು ಹಾಗೇ ಬಿಟ್ಟು ತೊಗರಿ ಮೂಟೆಯ ಮೇಲೆ ಕೂತುಬಿಟ್ಟಳು. ಆಳುಗಳು ಎಲ್ಲೋ ನೋಡಿದರು. ಓನ್ ಖಿನ್‌ಗೆ ರೇಗಿಹೋಯಿತು. ಮೂರು ತಿಂಗಳಿನಿಂದ ಕೂಡಿಟ್ಟ ಬೈಗುಳವನ್ನೆಲ್ಲ ಕಟ್ಟಿಕೊಂಡು ಬಂದರೆ ಅದನ್ನು ಇಳಿಸಲು ಒಂದು ತಲೆ ಸಿಗುತ್ತಿಲ್ಲ. ಬೈಯಬೇಕಾದವಳು ತಪ್ಪು ಮಾಡಿಲ್ಲ, ತಪ್ಪು ಮಾಡಿದವಳನ್ನು ಬೈಯಲು ಬಾಯಿ ಬರುತ್ತಿಲ್ಲ.

“ಅದೆಲ್ಲ ನೀವು ನೀವು ನೋಡ್ಕೊಳ್ಳಿ,” ಅಂದಳು. “ನಾನೀಗ ಏನು ನೇಯ್ಲಿ? ಅದನ್ನ ಹೇಳಿ. ಹಸಿರಾ, ನೇರಳೆನಾ, ಗುಲಾಬಿನಾ?”

ತಾಯಿ ಮಗಳ ಮುಖ ನೋಡಿದಳು.

“ಈಗ ಮಗ್ಗದ ಮೇಲೆ ಏನಿದೆಯೋ ಅದೇ ಇರಲಿ ದೊಡ್ಡಮ್ಮ,” ಎಂದಳು ಯುಪಾ. “ಇನ್ನು ಬಿಚ್ಚೋದು ಬೇಡ.”

ಇಪ್ಪತ್ತೊಂದನೆಯ ದಿನ ನ್ಯುಂಟ್ ಚಾಪೆ ಸುರುಳಿಯ ಜೊತೆ ವಾಪಸಾದಳು. ತೆಳ್ಳಗಾಗಿದ್ದಳು. ಓನ್ ಖಿನ್ ಅವಳಿಗೆ ಒಂದು ಬೋಗುಣಿ ಮೊಹಿಂಗಾ ಬಡಿಸಿ, ಅವಳು ಮೊದಲ ಎಳೆ ಶ್ಯಾವಿಗೆಯನ್ನು ಬಾಯಿಗಿಡುವವರೆಗೆ ಕಾದು ಕೇಳಿದಳು.

“ನಿಂಗೆ ಗೊತ್ತಿತ್ತು ಅಲ್ವಾ?”

ಶ್ಯಾವಿಗೆ ಬೋಗುಣಿಗೆ ವಾಪಸು ಬಿತ್ತು. “ನಿಮ್ಗೆ ಯಾರು ಹೇಳಿದ್ರು?”

“ಮಂಡಲೆ ಪೇಟೆಗೆ ಪೇಟೆಯೇ ಕೇಳಿಸ್ಕೊಂಡಿದೆ. ನೀನು ಹೇಳು.”

“ಅವಳು ಆಣೆ ಹಾಕಿಸ್ಕೊಂಡಿದ್ಲು ಅತ್ತಿಗೆ. ಬುದ್ಧನ ಮುಂದೆ. ಮೊದಲ್ನೇ ಸಲ ಬಂದಾಗ್ಲೇ ಅವಳ ಮುಖ ನೋಡಿ ಏನೋ ಇದೆ ಅನ್ನಿಸ್ತು, ಎರಡ್ನೇ ಸಲ ಕೇಳೇಬಿಟ್ಟೆ. ಹೇಳಿ ಅತ್ಲು. ನಾನು ಯಾರ್ಗೂ ಹೇಳಲ್ಲ ಅಂದೆ. ಅಂದ್ಬಿಟ್ಟೆ! ನಂಗೇನು ಗೊತ್ತು ಅದು ಹೀಗೆ ಒಳಗೆ ಕುದಿಯುತ್ತೆ ಅಂತ? ನಿಮ್ಮ ಪಕ್ಕ ದಿನವೆಲ್ಲ ಕೂತು, ನೀವು ಆ ಅಮ್ಮನ್ನ ಬೈತಿದ್ರೆ, ಅಯ್ಯೋ ಅವರಲ್ಲ ಅವರಲ್ಲ ಅಂತ ನಾಲಿಗೆ ತುದೀಗೆ ಬರೋದು. ಊಟ ಸೇರ್ಲಿಲ್ಲ. ಇನ್ನೆರಡು ದಿನ ಇದ್ದಿದ್ರೆ ಹೇಳ್ಬಿಡ್ತಿದ್ದೆ. ಅದಕ್ಕೇ ಮಾತೇ ಆಡಬಾರ್ದ ಜಾಗಕ್ಕೆ ಹೋಗ್ಬಿಟ್ಟೆ.”

ಓನ್ ಖಿನ್ ಹಣೆ ಹಿಡಿದುಕೊಂಡಳು. “ಅಲ್ಲೂ ನಾನು ಬಂದ್ನಲ್ಲೇ!”

“ಬಂದ್ರಿ! ಕಾಲಿಗೆ ಬೀಳ್ತೀನಿ ಅಂದ್ರಿ! ಆವತ್ತು ನಾನು ಪಟ್ಟ ಪಾಡು ಆ ಬುದ್ಧಂಗೇ ಗೊತ್ತು.”

“ನಂಗೆ ಹೇಳಿದ್ರೆ ಏನಾಗ್ತಿತ್ತು? ನಾನೇನು ಡಂಗುರ ಹೊಡೀತಿದ್ನಾ?”

“ನಿಮ್ಗೆ ಹೇಳಿದ್ರೆ ಆವತ್ತೇ ಪಿಕಪ್ ಹತ್ತಿ ಹೋಗ್ತಿದ್ರಿ.”

ಓನ್ ಖಿನ್ ನಾದಿನಿಯ ಬೋಗುಣಿಗೆ ಇನ್ನೊಂದು ಸೌಟು ಸಾರು ಹಾಕಿದಳು, ಸ್ವಲ್ಪ ಜೋರಾಗಿಯೇ ಹಾಕಿದಳು, ಅದು ಚಾಪೆಯ ಮೇಲೂ ಚೆಲ್ಲಿತು. ಇಪ್ಪತ್ತೊಂದು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವಳು ತನಗೆ ಗೊತ್ತಿಲ್ಲದಷ್ಟು ದೊಡ್ಡದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದ್ದಳಲ್ಲ ಅನ್ನುವುದು ಒಂದು ಕಡೆ ಚುಚ್ಚಿತು. ಇನ್ನೊಂದು ಕಡೆ, ಅವಳ ಮೇಲೆ ಏನೋ ಒಂದು ಗೌರವ ಬಂದಂತಾಗಿ, ಅದಕ್ಕೂ ರೇಗಿತು.

ಮರುದಿನದಿಂದ ಮಗ್ಗದ ಏಟು ಮತ್ತೆ ಒಂದಾಯಿತು. ಇಪ್ಪತ್ತು ದಿನದ ಮಾತು ಬಾಕಿ ಇತ್ತು. ನ್ಯುಂಟ್ ಅದನ್ನು ಒಂದು ವಾರದಲ್ಲಿ ತೀರಿಸಿದಳು. ಧ್ಯಾನಮಂದಿರದಲ್ಲಿ ಯಾರು ನಿದ್ದೆ ಹೊಡೆದರು, ಯಾರು ಕದ್ದು ಬೆಲ್ಲ ತಿಂದರು, ಎಲ್ಲ ಬಂತು. ಓನ್ ಖಿನ್ ಲಾಳಿ ದಾಟಿಸುತ್ತಾ, “ಹೂಂ, ಆಮೇಲೆ?” ಅಂದಳು.

ಚಿನ್ ಮ್ಯಾ ರಂಗೂನಿಗೆ ತಾನೇ ಕಾಗದ ಬರೆದಳೆಂದು ಆಮೇಲೆ ತಿಳಿಯಿತು. ಮಗಳು ಮಂಡಲೆಯಲ್ಲೇ ಅಂಗಡಿ ನೋಡಿಕೊಳ್ಳುತ್ತಾಳೆ, ನಿಮ್ಮ ಮಗ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದಾ ಎಂದು. ಹುಡುಗನ ಉತ್ತರ ಬಂತು: ಅಮ್ಮನನ್ನು ಕೇಳಿ ಹೇಳುತ್ತೇನೆ. ಯುಪಾ ಅದನ್ನು ಎರಡು ಸಲ ಓದಿ, ಮಡಿಸಿ, ಆಗಲೇ ಹೇಳಿದ್ದಾನಲ್ಲ ಅಮ್ಮ ಅಂದಳಂತೆ. ನಿಶ್ಚಯದ ಉಡುಗೊರೆಗಳು ವಾಪಸು ಹೋದವು. ತಾಯಿ ಎರಡು ದಿನ ಮಲಗಿದಳು, ಮೂರನೆಯ ದಿನ ಎದ್ದು ಅಂಗಡಿಯ ಬೀಗದ ಕೈಗೊಂಚಲನ್ನು ಮಗಳ ಸೊಂಟಕ್ಕೆ ಸಿಕ್ಕಿಸಿದಳು. ಸಿಕ್ಕಿಸುವಾಗ ಒಂದು ಗಂಟೆ ಬೈದಳು ಎನ್ನುವುದು ನ್ಯುಂಟ್ ತಂದ ಸುದ್ದಿ.

ಥಮೇನ್ ಮಗ್ಗದಿಂದ ಇಳಿದದ್ದು ವ್ರತ ಹಿಡಿದು ಒಂದು ತಿಂಗಳು ಕಳೆದ ಮೇಲೆ, ಆಗಸ್ಟ್‌ನಲ್ಲಿ. ಮದುವೆ ಇಲ್ಲದಿದ್ದರೂ ನೇಯ್ಗೆ ನಿಲ್ಲಿಸಬೇಡಿ ಎಂದು ಚಿನ್ ಮ್ಯಾ ಹೇಳಿ ಕಳಿಸಿದ್ದಳು. ವ್ರತ ಮುಗಿದ ಮೇಲೆ ಬೇಳೆ ವರ್ತಕರೆಲ್ಲ ಸೇರಿ ಭಿಕ್ಷುಗಳಿಗೆ ಚೀವರ ಕೊಡುವ ದಿನ ಮಗಳು ಅದನ್ನುಟ್ಟು ತನ್ನ ಬದಲಿಗೆ ನಿಲ್ಲಲಿ ಎಂದು. ಈ ಸಲ ಆ ಮಾತು ಚಿನ್ ಮ್ಯಾಳದೇ ಹೌದೋ ಅಲ್ಲವೋ ಎಂದು ಓನ್ ಖಿನ್ ಬೀದಿಯ ತುದಿಯ ಎಲೆಅಡಿಕೆ ಅಂಗಡಿಗೆ ಹೋಗಿ, ಟೆಲಿಫೋನ್ ಮಾಡಿ, ಕಾಲು ಗಂಟೆ ಕಿವಿ ಸುಟ್ಟುಕೊಂಡು ಖಾತರಿ ಮಾಡಿಕೊಂಡಿದ್ದಳು.

ತೆಗೆದುಕೊಂಡು ಹೋಗಲು ಯುಪಾಳೇ ಬಂದಳು. ಓನ್ ಖಿನ್ ಅವಳನ್ನು ಮಗ್ಗದ ಮುಂದೆ ನಿಲ್ಲಿಸಿ, ಇಷ್ಟು ದಿನ ಕಾಯ್ದಿಟ್ಟದ್ದನ್ನೆಲ್ಲ ಹೇಳಿದಳು. ಹದಿನಾರು ದಿನ ಬಿಚ್ಚಿದ್ದು, ಸೊಂಟ ಹಿಡಿದದ್ದು, ಹನ್ನೆರಡು ಎಳೆ, ಕೋಳಿ, ಎಲ್ಲ. ಸತ್ತ ಜೋಯಿಸನಿಗೆ ತಾನು ಹಾಕಿದ ಶಾಪದ ಪಾಪವನ್ನು ಯಾರು ಹೊರುತ್ತಾರೆ ಎಂದೂ ಕೇಳಿದಳು. ಹುಡುಗಿ ಕೈಮುಗಿದುಕೊಂಡು ಪೂರ್ತಿ ಕೇಳಿದಳು, ಒಂದು ಕಡೆಯೂ ಅಡ್ಡ ಬಾಯಿ ಹಾಕಲಿಲ್ಲ. ಅದರಲ್ಲಿ ಅವಳಿಗೆ ಅಭ್ಯಾಸವಿತ್ತು.

“ಆಯ್ತಾ ದೊಡ್ಡಮ್ಮ?”

“ಆಯ್ತು. ಬಾ ಇಲ್ಲಿ, ಕೈ ಎತ್ತು.”

ಅವಳು ಉಟ್ಟಿದ್ದ ಲುಂಗಿಯ ಮೇಲೆಯೇ ಓನ್ ಖಿನ್ ಥಮೇನ್ ಸುತ್ತಿದಳು. ನ್ಯುಂಟ್ ಮಂಡಿಯೂರಿ ಕೂತು ನೆರಿಗೆ ತಿದ್ದಿದಳು. ತಿಳಿನೇರಳೆಯ ಮೇಲೆ ಬಿಳಿ, ಗುಲಾಬಿ, ಬೂದಿ ಬಣ್ಣದ ಅಲೆಗಳು ಒಂದರ ಬೆನ್ನೇರಿ ಒಂದು ಹೋಗಿ, ಅಲೆಯ ತಗ್ಗಿನಲ್ಲೆಲ್ಲ ಹಸಿರು ಬಳ್ಳಿ ತಲೆ ಎತ್ತಿತ್ತು. ಹುಡುಗಿ ಎರಡು ಹೆಜ್ಜೆ ನಡೆದಳು. ಹಿಂದಿನ ಸೆರಗು ನೆಲದ ಮೇಲೆ ಸರಸರ ಎಂದಿತು.

“ತಾಗಿಸ್ಬೇಡ, ತಾಗಿಸ್ಬೇಡ, ನೆಲ ಗುಡಿಸಿಲ್ಲ!” ಎಂದು ಓನ್ ಖಿನ್ ಕೂಡಲೇ ಸೆರಗನ್ನು ಎತ್ತಿ ಹಿಡಿದಳು.

ಮಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ದಾರದಿಂದ ನಾಲ್ಕು ಸುತ್ತು ಕಟ್ಟಿಕೊಟ್ಟರು. ಯುಪಾ ಗಂಟನ್ನು ಸೈಕಲ್ಲಿನ ಹಿಂದೆ ಬಿಗಿದು ಹೊರಟಳು. ಅವಳು ಬೀದಿಯ ಅರ್ಧಕ್ಕೆ ಹೋಗಿರಲಿಲ್ಲ, ಮೊದಲ ಹನಿ ಬಿತ್ತು.

“ಏ ಹುಡುಗೀ! ನಿಲ್ಲೇ! ಮಳೆ ನಿಂತ ಮೇಲೆ ಹೋಗು!” ಓನ್ ಖಿನ್ ಬಾಗಿಲಿಗೆ ಓಡಿದಳು.

ಯುಪಾ ಹಿಂದಿರುಗಿ ನೋಡಿ, ಒಂದು ಕೈ ಎತ್ತಿ ಬೀಸಿ, ಇನ್ನೂ ಜೋರಾಗಿ ತುಳಿದಳು. ಓನ್ ಖಿನ್ ಕೊಡೆ ಹುಡುಕಿದಳು, ಸಿಗಲಿಲ್ಲ. ನಾದಿನಿಯ ಧ್ಯಾನದ ಚಾಪೆಯನ್ನೇ ತಲೆಯ ಮೇಲೆ ಹಿಡಿದು, ಚಪ್ಪಲಿ ಮೆಟ್ಟಿಕೊಂಡು, ಬೈಯುತ್ತಾ ಸೈಕಲ್ಲಿನ ಹಿಂದೆ ಓಡಿದಳು.